ಸೂತ್ರ ಮತ್ತು ಅಂಕಿ: ಗಣಿತದ ಭಾಷೆ ಬೆಳೆದ ಬಗೆ

ನಮ್ಮ ತೊರಪಲ್ಲಿ ಅಗ್ರಹಾರದಲ್ಲಿ 1878ರ ಡಿಸೆಂಬರ್ 10ರಂದು ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರನ್ನು ನಾಡು ಮುತ್ಸದ್ದಿಯೆಂದು ಸ್ಮರಿಸುತ್ತದೆ. ಅವರು 1916ರಲ್ಲಿ ತಮಿಳು ವಿಜ್ಞಾನ ಪರಿಭಾಷೆಗೆಂದೇ ಸಂಘವೊಂದನ್ನು ಕಟ್ಟಿ, ಗಣಿತಕ್ಕೂ ಪದಗಳನ್ನು ರೂಪಿಸಹೊರಟ ಸಂಗತಿಯನ್ನು ನೆನೆಯುವವರು ವಿರಳ. ಕನ್ನಡದಲ್ಲಿ ಅಂತಹ ಕಾರ್ಯ 12ನೆಯ ಶತಮಾನದಲ್ಲೇ ನಡೆದಿತ್ತು. ರಾಜಾದಿತ್ಯನ ‘ವ್ಯವಹಾರಗಣಿತ’ದಲ್ಲಿ ಮೊದಲು ಸೂತ್ರ, ಬಳಿಕ ಉದಾಹರಣೆ. ಸೂತ್ರ ಸ್ಥಿರ, ಅಂಕಿಗಳು ಬದಲಾಗತಕ್ಕವು.

ಗಣಕಯಂತ್ರದ ಕಾಲದಲ್ಲಿ ಇದೇ ವಿಂಗಡಣೆ ಮತ್ತೆ ಅಗತ್ಯವಾಯಿತು. ರಾಜಾದಿತ್ಯನೇ ಅದಕ್ಕೆ ಮೂಲಪುರುಷನೆಂದು ನಾವು ಹೇಳುವುದಿಲ್ಲ. ಅಗತ್ಯ ಒಂದೇ ಆಗಿತ್ತು, ಅಷ್ಟೇ. 1947ರಲ್ಲಿ ಜಾರ್ಜ್ ಡಾಂಟ್ಜಿಗ್, ಹಲವು ಮಿತಿಗಳೊಳಗೆ ಕನಿಷ್ಠ ವೆಚ್ಚದ ಉತ್ತರವನ್ನು ಕಾಣುವ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದರು. ಆದರೆ ಸಮಸ್ಯೆಯನ್ನು ಯಂತ್ರಕ್ಕೆ ಒಗ್ಗುವಂತೆ ಬರೆಯುವುದೇ ದೊಡ್ಡ ಶ್ರಮವಾಗಿತ್ತು. ಅದನ್ನು ನೀಗಿಸಲು 1970ರ ದಶಕದಲ್ಲಿ ವಿಶ್ವಬ್ಯಾಂಕಿನಲ್ಲಿ ‘ಗ್ಯಾಮ್ಸ್’, 1985ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ‘ಆಂಪಲ್’ ಎಂಬ ಭಾಷೆಗಳು ಮೂಡಿದವು. ಆಂಪಲ್‌ನ ಕರ್ತೃಗಳು ರಾಬರ್ಟ್ ಫೋರರ್, ಡೇವಿಡ್ ಗೇ, ಬ್ರಯಾನ್ ಕರ್ನಿಘನ್.

ಶಾಲೆಯ ಮಧ್ಯಾಹ್ನದ ಊಟವನ್ನೇ ನೋಡೋಣ. ಪೌಷ್ಟಿಕಾಂಶ ಕುಂದದಂತೆ, ವೆಚ್ಚ ಕನಿಷ್ಠವಾಗುವಂತೆ ಅಕ್ಕಿ, ಬೇಳೆ, ತರಕಾರಿ ಎಷ್ಟೆಷ್ಟು ಬೇಕು? ಒಂದು ಶಾಲೆಗಾದರೆ ಕಾಗದವೇ ಸಾಕು. ಇಡೀ ಕೃಷ್ಣಗಿರಿ ಜಿಲ್ಲೆಗೆ, ತಿಂಗಳು ತಿಂಗಳಿಗೆ, ಗೋದಾಮಿನ ದಾಸ್ತಾನನ್ನೂ ಸೇರಿಸಿ ಲೆಕ್ಕ ಹಾಕುವುದಾದರೆ? ಇಲ್ಲಿ ‘ಶಾಲೆಗಳು’, ‘ತಿಂಗಳುಗಳು’ ಎಂಬ ಗಣಗಳನ್ನು ಹೆಸರಿಸಿದರೆ, ಒಂದೇ ಸಾಲಿನ ನಿಯಮ ಎಲ್ಲಕ್ಕೂ ಅನ್ವಯಿಸುತ್ತದೆ. ಅಂಕಿಗಳನ್ನು ದತ್ತಾಂಶದ ಕೋಷ್ಟಕಗಳಿಂದ ನೇರವಾಗಿ ಓದಿಸಬಹುದು. ಗೋದಾಮಿಗೊಂದು, ಸಾಗಣೆಗೊಂದು ಉಪಸಮಸ್ಯೆಯೆಂದು ಬೇರ್ಪಡಿಸಿ, ಒಂದರ ಉತ್ತರವನ್ನು ಇನ್ನೊಂದಕ್ಕೆ ಉಣಿಸುತ್ತ ಮತ್ತೆ ಮತ್ತೆ ಬಿಡಿಸಬಹುದು. ಬೇಳೆಯ ಬೆಲೆ ಏರಿದಾಗ ಅಂಕಿಯನ್ನಷ್ಟೇ ತಿದ್ದಬೇಕು, ನಿಯಮವನ್ನು ಮುಟ್ಟಬೇಕಾಗಿಲ್ಲ. ಉತ್ತರವೇ ಇಲ್ಲದಿದ್ದಲ್ಲಿ ಯಾವ ಯಾವ ಮಿತಿಗಳು ಪರಸ್ಪರ ವಿರುದ್ಧವಾಗಿವೆ ಎಂಬುದನ್ನೂ ಪತ್ತೆಹಚ್ಚಲು ಸಾಧ್ಯ. ನಮ್ಮ ದೃಷ್ಟಿಯಲ್ಲಿ ಇದೇ ಇವುಗಳ ಅತ್ಯಂತ ಉಪಯುಕ್ತ ಗುಣ.

ಈ ಭಾಷೆಗಳ ಆಜ್ಞಾಪದಗಳು ಇಂಗ್ಲಿಷಿನವು. ಗಣ, ಚರಾಕ್ಷರ, ಸಮೀಕರಣಗಳನ್ನಾದರೋ ನಮ್ಮ ಮಕ್ಕಳು ಕನ್ನಡದಲ್ಲೇ ಕಲಿಯುತ್ತಾರೆ. 2006ರ ಕಾಯ್ದೆಯ ಬಳಿಕ ಈ ಗಡಿಸೀಮೆಯಲ್ಲಿ ತಮಿಳು ಕಡ್ಡಾಯ ಪಾಠ. ಅದನ್ನು ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಗಣಿತವನ್ನು ಮಾತ್ರ ಕನ್ನಡದಿಂದ ಕಳಚಲು ನಾವು ಒಪ್ಪೆವು. ಊಟದ ಆ ಲೆಕ್ಕದಲ್ಲಿ ನಿಯಮ ಯಾವುದು, ಅಂಕಿ ಯಾವುದು ಎಂದು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ವಿದ್ಯಾರ್ಥಿನಿ ಆಂಪಲ್‌ನಲ್ಲಿ ಮೊದಲಿಗೆ ಕಲಿಯಬೇಕಾದುದು ಕೆಲವೇ ಆಜ್ಞಾಪದಗಳನ್ನು.