ಒಂದೂವರೆ ಗ್ರಾಂ ತಾಮ್ರ: ಹೊಸೂರಿನಲ್ಲಿ ಕಂಡ ಒಂದು ರೋಮನ್ ನಾಣ್ಯ

ಇವತ್ತಿನ ಪ್ರಬಂಧವನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ಹೊಸೂರಿನ ನಮ್ಮ ಮನೆಗೆ ಪರಿಚಯದ ಹುಡುಗನೊಬ್ಬ ಬಂದ. ಆನ್‌ಲೈನಲ್ಲಿ ತರಿಸಿಕೊಂಡ ಮೆಟಲ್ ಡಿಟೆಕ್ಟರ್ ಹಿಡಿದು ಗೆಳೆಯರ ಜೊತೆ ಸುತ್ತುತ್ತಿದ್ದಾಗ ಒಂದು ನಾಣ್ಯ ಸಿಕ್ಕಿತಂತೆ. ಪೇಪರಿನ ಮಡಿಕೆ ಬಿಚ್ಚಿ, "ಅಣ್ಣಾ, ಇದು ಬಂಗಾರನಾ?" ಅಂದ. "ಅಲ್ಲಪ್ಪ, ತಾಮ್ರ" ಅಂದೆ. ಅವನ ಮುಖ ಬಾಡಿತು.

ನನಗೆ ಮಾತ್ರ ಖುಷಿ. ಅಗಲ ಸುಮಾರು 13 ಮಿಲಿಮೀಟರ್, ತೂಕ ಒಂದೂವರೆ ಗ್ರಾಮಿಗಿಂತ ಚೂರು ಕಡಿಮೆ. ಒಂದು ಕಡೆ ತಲೆಪಟ್ಟಿ ಕಟ್ಟಿದ ಅರಸನ ಮುಖ, ಹೆಸರು ಸವೆದಿದೆ. ಇನ್ನೊಂದು ಕಡೆ ರೆಕ್ಕೆಯ ವಿಜಯದೇವತೆ ಸೆರೆಯಾಳನ್ನು ಎಳೆದುಕೊಂಡು ಹೋಗ್ತಿದಾಳೆ. ಈ ಮಾದರಿ 4ನೇ ಶತಮಾನದ ಕೊನೆಯದು. ಥಿಯೊಡೋಸಿಯಸ್, ಆರ್ಕೇಡಿಯಸ್, ಹೊನೋರಿಯಸ್ ಇವರ ಹೆಸರಿನಲ್ಲೆಲ್ಲ ಅಚ್ಚಾಗಿದೆ. ಫೋಟೋ ತೆಗೆದೆ, ತೂಗಿದೆ. ಎಲ್ಲಿ ಸಿಕ್ಕಿತು ಅಂತ ಮಾತ್ರ ಬಿಡಿಸಿ ಕೇಳಲಿಲ್ಲ. "ಹೊಳೆ ಕಡೆ" ಅಂದಿದ್ದ, ಅಷ್ಟೇ. ಮತ್ತೆ ವಿಚಾರಿಸುವ ಹೊತ್ತಿಗೆ ನಾಣ್ಯ ಮಾರಿಯಾಗಿತ್ತು.

ನಮ್ಮ ಹೊಳೆ ಅಂದ್ರೆ ದಕ್ಷಿಣ ಪಿನಾಕಿನಿ. ನಂದಿ ಬೆಟ್ಟದ ಕಡೆ ಹುಟ್ಟಿ, ಹೊಸೂರು, ಕೃಷ್ಣಗಿರಿ ದಾಟಿ, ಕಡಲೂರಿನ ಹತ್ತಿರ ಸಮುದ್ರ ಸೇರುತ್ತೆ. ಅಷ್ಟು ಉದ್ದದ ಹೊಳೆಗೆ "ಕಡೆ" ಅಂದ್ರೆ ಯಾವ ಕಡೆ?

ಜಾಗ ಯಾಕೆ ಇಷ್ಟು ಮುಖ್ಯ ಅನ್ನೋದಕ್ಕೆ ಸುತ್ತಲಿನ ಚಿತ್ರ ನೋಡಬೇಕು. ನಮಗೆ ಹತ್ತಿರದ ದೊಡ್ಡ ರೋಮನ್ ನಿಧಿಗಳು ಬೆಂಗಳೂರಿನವು: 1891ರಲ್ಲಿ ಯಶವಂತಪುರದಲ್ಲಿ 163 ನಾಣ್ಯ, 1965ರಲ್ಲಿ ಎಚ್.ಎ.ಎಲ್. ಪ್ರದೇಶದಲ್ಲಿ 256. ಎಲ್ಲವೂ ಬೆಳ್ಳಿ, ಅಗಸ್ಟಸ್, ಟೈಬೀರಿಯಸ್ ಮುಂತಾದವರ ಕಾಲದವು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ 5-6ನೇ ಶತಮಾನದ ಚಿನ್ನದ ನಾಣ್ಯಗಳಿವೆ. ಆದರೆ ಸಣ್ಣ ತಾಮ್ರದ ನಾಣ್ಯಗಳ ಮಾತು ಬಂದರೆ ವಿದ್ವಾಂಸರು ಕರೂರು, ಮದುರೈ ಮತ್ತು ಶ್ರೀಲಂಕಾ ಕಡೆ ತಿರುಗ್ತಾರೆ. ಆರ್. ಕೃಷ್ಣಮೂರ್ತಿಯವರು 1994ರ ಪುಸ್ತಕದಲ್ಲಿ ಕರೂರು, ಮದುರೈಗಳ ಇಂಥ ನಾಣ್ಯಗಳನ್ನೇ ಪಟ್ಟಿ ಮಾಡಿದ್ದಾರೆ.

ಚಿನ್ನ, ಬೆಳ್ಳಿಗೆ ಲೋಹದ ಬೆಲೆ ಇದೆ. ದೂರ ಹೋಗುತ್ತೆ, ಹೂತಿಡ್ತಾರೆ. ಚಿಲ್ಲರೆ ತಾಮ್ರಕ್ಕೆ ಅಂಥ ಬೆಲೆ ಇಲ್ಲ. ಅದು ಒಂದೆಡೆ ಹೆಚ್ಚಾಗಿ ಸಿಕ್ಕರೆ ಅಲ್ಲಿ ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿದೆ ಅಂತ ಊಹಿಸಬಹುದು. ಹಾಗಾಗಿ ಪ್ರಶ್ನೆ ಇದು: ರೋಮನ್ ಚಿಲ್ಲರೆ ಘಟ್ಟ ಹತ್ತಿ ನಮ್ಮ ಬಯಲಿಗೂ ಬಂದಿತ್ತೇ? ಅಥವಾ ಬಂದರೂ ನಮ್ಮ ಕಣ್ಣಿಗೆ ಬೀಳಲಿಲ್ಲವೇ? ಕರೂರಿನಲ್ಲಿ ಅಮರಾವತಿಯ ಮರಳು ಜಾಲಿಸಿ ನಾಣ್ಯ ಹುಡುಕುವವರಿದ್ದರು, ಕೊಳ್ಳುವ ಸಂಗ್ರಾಹಕರೂ ಇದ್ದರು. ನಮ್ಮಲ್ಲಿ ಹಸಿರುಗಟ್ಟಿದ ಬಿಲ್ಲೆ ಸಿಕ್ಕರೆ ಗುಜರಿ ಅಂಗಡಿಗೇ ಹೋಗಿರಬಹುದು.

ನಾನು ನೋಡಿದ ನಾಣ್ಯ ಇದಕ್ಕೆ ಉತ್ತರವಾಗಬಹುದಿತ್ತು, ಆಗಲಿಲ್ಲ. ಅದು ಹೊಸೂರಿನ ಮಣ್ಣಿನದೇ ಆಗಿರಬಹುದು. ಕರೂರಿನ ವ್ಯಾಪಾರಿಯ ಚೀಲದಿಂದ ಕೈ ಬದಲಾಗಿ ಬಂದದ್ದೂ ಆಗಿರಬಹುದು. ಹುಡುಗ ಸುಳ್ಳು ಹೇಳಿದ ಅಂತಲ್ಲ. ಜಾಗವನ್ನು ಬರೆದಿಟ್ಟುಕೊಳ್ಳದ ನನಗೆ ಅದನ್ನು ಪುರಾವೆಯಾಗಿ ಬಳಸುವ ಹಕ್ಕಿಲ್ಲ.

ಕಾನೂನಿನ ಮಾತೂ ಇದೆ. 1878ರ ನಿಧಿ ಕಾಯ್ದೆ ಪ್ರಕಾರ ಮಣ್ಣಲ್ಲಿ ಸಿಕ್ಕ, 10 ರೂಪಾಯಿಗೆ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದನ್ನು ಹುಡುಗನಿಗೆ ನಾನು ಹೇಳಬೇಕಿತ್ತು. ಇಂಗ್ಲೆಂಡಿನಲ್ಲಿ ಇಂಥ ಒಂಟಿ ತಾಮ್ರದ ನಾಣ್ಯ ಕಾನೂನಿನ ಲೆಕ್ಕದಲ್ಲಿ ನಿಧಿಯಲ್ಲ. ಆದರೂ 1997ರಲ್ಲಿ ಶುರುವಾದ ಯೋಜನೆಯೊಂದರ ಮೂಲಕ ಡಿಟೆಕ್ಟರ್ ಹವ್ಯಾಸಿಗಳು ತಾವಾಗಿಯೇ ಜಾಗ, ತೂಕ, ಫೋಟೋ ದಾಖಲಿಸ್ತಾರೆ. ನಮ್ಮ ಊರಲ್ಲಿ ಡಿಟೆಕ್ಟರ್ ಹಿಡಿದವನನ್ನು ಎಲ್ಲರೂ ನಿಧಿಗಳ್ಳ ಅಂತಲೇ ನೋಡ್ತಾರೆ. ವೀರಗಲ್ಲು ಕಿತ್ತವರನ್ನು ಕಂಡಮೇಲೆ ಆ ಭಯ ಸುಳ್ಳೂ ಅಲ್ಲ. ಆದರೆ ಹೆದರಿದ ಹುಡುಗ ಜಾಗ ಹೇಳೋದಿಲ್ಲ, ಮಾರಿಬಿಡ್ತಾನೆ.

ಡಿಟೆಕ್ಟರ್ ತಗೊಂಡು ಹೊರಡಿ ಅಂತ ನಾನು ಹೇಳ್ತಿಲ್ಲ. ನಿಮ್ಮ ಮುಂದೆ ಯಾರಾದರೂ ಪೇಪರ್ ಮಡಿಕೆ ಬಿಚ್ಚಿದರೆ, "ಯಾವ ರಾಜನದು?" ಅನ್ನೋದಕ್ಕೆ ಮೊದಲು "ಯಾವ ಹೊಲ, ಎಷ್ಟು ಆಳ, ಜೊತೆಗೆ ಇನ್ನೇನಿತ್ತು?" ಅಂತ ಕೇಳಿ, ಅವತ್ತೇ ಬರೆದಿಡಿ. ರಾಜನ ಹೆಸರು ಪುಸ್ತಕದಲ್ಲಿ ಯಾವಾಗ ಬೇಕಾದರೂ ಸಿಗುತ್ತೆ. ನನ್ನ ಕಂಪ್ಯೂಟರಿನಲ್ಲಿ ಆ ಎರಡು ಫೋಟೋ ಇನ್ನೂ ಇವೆ. ಫೈಲಿನ ಹೆಸರು "ಹೊಳೆ ಕಡೆ".