ತಂಗಡಿಯ ಹೂವು, ತಂಗಡಿಯ ತೊಗಟೆ

ಸದ್ದುಲ ಬತುಕಮ್ಮದ ಸಂಜೆ ಹೈದರಾಬಾದಿನ ಹೆಂಗಸರು ಹೂವಿನ ಗೋಪುರಗಳನ್ನು ಹೊತ್ತು ಟ್ಯಾಂಕ್‌ಬಂಡಿಗೆ ಬಂದು ಹುಸೇನ್ ಸಾಗರದಲ್ಲಿ ಬಿಡುತ್ತಾರೆ. ಆ ಗೋಪುರಗಳಲ್ಲಿ ಕಾಣುವ ಹಳದಿ ಹೂವು ತಂಗೇಡು. 2014ರಲ್ಲಿ ರಚನೆಯಾದ ತೆಲಂಗಾಣ ಅದನ್ನೇ ರಾಜ್ಯದ ಹೂವಾಗಿ ಆರಿಸಿಕೊಂಡಿತು. ಕನ್ನಡದಲ್ಲಿ ಇದು ತಂಗಡಿ, ಆವರಿಕೆ; ಮರಾಠಿಯಲ್ಲಿ ತರವಡ. ಇಂಗ್ಲಿಷ್ ವರ್ತಕರ ಬಾಯಲ್ಲಿ ಅದು ‘ಟರ್ವಾರ್’ ಆಯಿತು. ಅವರಿಗೆ ಬೇಕಾಗಿದ್ದದ್ದು ಹೂವಲ್ಲ, ತೊಗಟೆ.

ಈ ತೊಗಟೆಯಲ್ಲಿ ಸುಮಾರು ಶೇ. 18ರಷ್ಟು ಟ್ಯಾನಿನ್ ಇರುತ್ತದೆ. ಅಡಿಕೆಯೋ ಅಳಲೆಕಾಯಿಯೋ ಜಗಿದಾಗ ಬಾಯಿ ಒಗರಾಗುವುದು ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ. ಹಸಿ ತೊಗಲಿನ ಪ್ರೋಟೀನಿಗೂ ಅದು ಹಾಗೆಯೇ ಅಂಟಿಕೊಳ್ಳುತ್ತದೆ. ತೊಗಲು ಕೊಳೆಯದೆ ಹದಗೊಳ್ಳುತ್ತದೆ. ಊಟದ ಜೊತೆ ಕುಡಿದ ಚಹಾ ಅನ್ನದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವುದೂ ಇಂಥದೇ ಗುಣದಿಂದ.

ತೆಲುಗು ಸೀಮೆಯಲ್ಲೂ ನಿಜಾಮರ ಕನ್ನಡ ಜಿಲ್ಲೆಗಳಲ್ಲೂ ತೊಗಲು ಹದಮಾಡುವ ಕೆಲಸ ಹೆಚ್ಚಾಗಿ ಮಾದಿಗರ ಪಾಲಿಗೆ ಬಂದಿತ್ತು. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ತೆಲುಗಿನಲ್ಲಿ ‘ಲಂದ’ ಎನ್ನುವ ಗುಂಡಿಯಲ್ಲಿ, ತೊಗಟೆಯ ರಸದಲ್ಲಿ ವಾರಗಟ್ಟಲೆ ಇಡುತ್ತಿದ್ದರು. ಅಪಾಯವಿದ್ದದ್ದು ತೊಗಟೆಯಲ್ಲಿ ಅಲ್ಲ. ಸುಣ್ಣ ಕೈ ಸುಡುತ್ತಿತ್ತು. ರೋಗದಿಂದ ಸತ್ತ ದನದ ತೊಗಲಿನಿಂದ ಆಂಥ್ರಾಕ್ಸ್ ತಗಲಬಹುದಿತ್ತು. ಬಾವಿಯ ನೀರೆತ್ತುವ ಕಪಿಲೆಯ ಚರ್ಮದ ಚೀಲ ಅವರ ಕೈಯಿಂದ ಬರುತ್ತಿತ್ತು. ಊರ ಬಾವಿಯನ್ನು ಮಾತ್ರ ಅವರು ಮುಟ್ಟುವಂತಿರಲಿಲ್ಲ.

19ನೇ ಶತಮಾನದಲ್ಲಿ ಈ ಬಗೆಯ ಚರ್ಮ ಮದ್ರಾಸಿನಿಂದ ಹಡಗು ಹತ್ತಿ, ಲಂಡನ್ನಿನಲ್ಲಿ ಪುಸ್ತಕಗಳ ರಟ್ಟಿಗೂ ಬಳಕೆಯಾಯಿತು. ಆ ರಟ್ಟುಗಳು ಕೆಂಪಾಗಿ ಪುಡಿಯಾಗತೊಡಗಿದಾಗ ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್ 1900ರಲ್ಲಿ ಒಂದು ಸಮಿತಿ ನೇಮಿಸಿತು. ಟರ್ವಾರ್‌ನಂಥ ತೊಗಟೆಗಳಿಂದ ಹದಮಾಡಿದ ಚರ್ಮ ಗ್ಯಾಸ್ ದೀಪದ ಹೊಗೆಗೆ ಬೇಗ ಹಾಳಾಗುತ್ತದೆ, ಸುಮಾಕ್ ಎಲೆಯ ಟ್ಯಾನಿನ್ ಒಳ್ಳೆಯದು ಎಂದು ಸಮಿತಿ ಹೇಳಿತು. ನಮ್ಮ ಚಪ್ಪಲಿಗೂ ಕಪಿಲೆಗೂ ಒದಗಿದ ಹದ ಅವರ ಗ್ರಂಥಾಲಯಕ್ಕೆ ಒದಗಲಿಲ್ಲ.

ಅಷ್ಟರಲ್ಲಿ ಕ್ರೋಮಿಯಂ ಲವಣದ ಹದ ಬಂದಿತ್ತು. 20ನೇ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಅದನ್ನು ಮದ್ರಾಸಿನಲ್ಲಿ ಪ್ರಯೋಗಿಸಿದರು. ವಾರಗಳ ಕೆಲಸ ದಿನಕ್ಕಿಳಿಯಿತು. ಆದರೆ ಹದಕ್ಕೆ ಬಳಸುವ ಕ್ರೋಮಿಯಂ ಕೆಲವು ಸನ್ನಿವೇಶಗಳಲ್ಲಿ ಕ್ಯಾನ್ಸರ್‌ಕಾರಕ ರೂಪಕ್ಕೆ ತಿರುಗಬಲ್ಲದು. ತೊಗಟೆಯ ಕಂದು ನೀರೂ ಕೆರೆಗೆ ಸೇರಿದರೆ ಮೀನುಗಳ ಆಮ್ಲಜನಕ ಕಸಿಯುತ್ತದೆ, ನಿಜ. ಆದರೆ ಅದು ಕಾಲಾಂತರದಲ್ಲಿ ಕರಗುತ್ತದೆ. ಲೋಹ ಕರಗಿ ಹೋಗುವುದಿಲ್ಲ.

ಹೂವಿಗೆ ಈಗ ರಾಜ್ಯದ ಮನ್ನಣೆ ಸಿಕ್ಕಿದೆ. ಅದೇ ಗಿಡದ ತೊಗಟೆಯಲ್ಲಿ ಹದವಿದೆ ಎಂದು ಮೊದಲು ಕಂಡುಕೊಂಡವರ ಹೆಸರು ಉಳಿದಿಲ್ಲ. ಉಳಿದದ್ದು ಅವರ ಜಾತಿಗೆ ಅಂಟಿಸಿದ ಮೈಲಿಗೆ.