ಕಡಲು ದಾಟಿ ಬಂದವರ ಚರಿತ್ರೆ ಮತ್ತು ನಮ್ಮ ಹೊಣೆ



ದಕ್ಷಿಣ ಅಮೇರಿಕದ ಅರ್ಜೆಂಟೀನಾದಲ್ಲಿ, ಬ್ಯೂನಸ್ ಐರಿಸ್ ಬಂದರಿನ ಬಳಿ 1911ರಲ್ಲಿ ತೆರೆದ ವಲಸಿಗರ ವಸತಿಗೃಹವು ಇಂದು ವಸ್ತುಸಂಗ್ರಹಾಲಯವಾಗಿದೆ. ಹಡಗಿನಲ್ಲಿ ಬಂದಿಳಿದ ಹಿರಿಯರ ಹೆಸರುಗಳನ್ನು ಅಲ್ಲಿನ ಜನ ಹಳೆಯ ದಾಖಲೆಗಳಲ್ಲಿ ಹುಡುಕುತ್ತಾರೆ. ಅರಬ್ಬೀ ಸಮುದ್ರ ದಾಟಿ ನಮ್ಮ ಕರಾವಳಿಗೆ ಬಂದ ವರ್ತಕರ ಅಂಥ ಪಟ್ಟಿ ನಮಗೆ ಸಿಗದು. ಹಾಗಾದರೆ ನಮ್ಮ ಚರಿತ್ರೆಗೆ ಆಧಾರವೇ ಇಲ್ಲವೇ? ಖಂಡಿತ ಇದೆ.

14ನೇ ಶತಮಾನದಲ್ಲಿ ಈ ದಾರಿಯಾಗಿ ಸಾಗಿದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 'ಫಾಕನೂರು' ಎಂಬ ಪಟ್ಟಣವನ್ನು ವರ್ಣಿಸಿದ್ದಾನೆ. ಅದುವೇ ಇಂದಿನ ಬ್ರಹ್ಮಾವರ ತಾಲೂಕಿನ ಬಾರ್ಕೂರು. ಅಲ್ಲಿ ಮುಸ್ಲಿಮರಿದ್ದರು, ಜುಮಾ ಮಸೀದಿಯಿತ್ತು, ಖಾಝಿಯೂ ಖತೀಬರೂ ಇದ್ದರು. ಹಿಂದೂ ಅರಸನ ಸುಮಾರು 30 ಯುದ್ಧ ಹಡಗುಗಳ ನಾಯಕನಾಗಿದ್ದವನು ಒಬ್ಬ ಮುಸ್ಲಿಮ. ಇದೇ ಪ್ರವಾಸಿ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡಿದ್ದಾನೆ. ಹೆಣ್ಣುಮಕ್ಕಳ ಶಿಕ್ಷಣ ಈ ಕರಾವಳಿಗೆ ಹೊಸತೆನ್ನುವವರು ಈ ಮಾತನ್ನು ಗಮನಿಸಬೇಕು.

ಕರಾವಳಿಯ ಶಾಸನಗಳಲ್ಲಿ 'ಹಂಜಮಾನ' ಎಂಬ ಪದ ಬರುತ್ತದೆ. ಇದು ಪರದೇಶಿ ವರ್ತಕರ ಸಂಘದ ಹೆಸರು. ಮೂಲ ಪಾರ್ಸಿಯ 'ಅಂಜುಮನ್'. 1919ರಲ್ಲಿ ಭಟ್ಕಳದಲ್ಲಿ ಹುಟ್ಟಿದ ಶಿಕ್ಷಣ ಸಂಸ್ಥೆಯ ಹೆಸರಿನಲ್ಲೂ ಅದೇ ಪದವಿದೆ.

ಇನ್ನು ಮಾತು. ಶಿರೂರು, ಗಂಗೊಳ್ಳಿಯ ನವಾಯತರ ಮನೆಮಾತಿನ ತಳಹದಿ ಕೊಂಕಣಿ. ಅದರಲ್ಲಿ ಅರಬ್ಬಿ, ಪಾರ್ಸಿ ಪದಗಳು ಬೆರೆತಿವೆ. ಬಂದವರೂ ಇಲ್ಲಿದ್ದವರೂ ಒಂದೇ ಮನೆಯವರಾದ ಕಥೆಯನ್ನು ಈ ಭಾಷೆಯೇ ಹೇಳುತ್ತದೆ. ವಲಸೆಯ ಚರಿತ್ರೆಯೆಂದರೆ ಅಪ್ಪಂದಿರ ಹಡಗಿನ ಕಥೆ ಮಾತ್ರವಲ್ಲ, ಈ ನೆಲದ ತಾಯಂದಿರ ಕಥೆಯೂ ಹೌದು.

ಆದರೆ ಹಳೆಯ ಮನೆ ಕೆಡವಿ ಹೊಸತು ಕಟ್ಟುವಾಗ ಪೆಟ್ಟಿಗೆಯಲ್ಲಿದ್ದ ಕಾಗದಗಳು ಕಸಕ್ಕೆ ಸೇರುತ್ತವೆ. ಹಿರಿಯರೊಬ್ಬರು ತೀರಿಕೊಂಡರೆ ಅವರ ನೆನಪೂ ಅವರೊಂದಿಗೇ ಹೋಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಅಜ್ಜ-ಅಜ್ಜಿಯರ ಬಳಿ ಕುಳಿತು ಮನೆತನದ ಹೆಸರು, ಹಳೆಯ ಪದ, ದೋಣಿ-ವ್ಯಾಪಾರದ ಸಂಗತಿಗಳನ್ನು ಬರೆದುಕೊಳ್ಳಿ. ನಿಕಾಹ್ ದಫ್ತರ, ಮೂಲಗೇಣಿ ಪತ್ರ, ಗೋರಿಕಲ್ಲುಗಳ ಬರಹದ ಚಿತ್ರ ತೆಗೆದಿಡಿ. ಯಾರು ಹೇಳಿದರು, ಯಾವ ದಿನ ಎಂಬುದನ್ನೂ ಗುರುತಿಸಿ. ಕೇಳಿದ್ದನ್ನು ಕೇಳಿದ್ದೆಂದೂ ಕಂಡದ್ದನ್ನು ಕಂಡದ್ದೆಂದೂ ಬೇರೆಬೇರೆಯಾಗಿ ಬರೆಯಿರಿ.

ನೀವು ಎಲ್ಲಿಂದ ಬಂದವರು ಎಂದು ನಾಳೆ ಯಾರಾದರೂ ಕೇಳಿದರೆ, ನಮ್ಮ ಮಕ್ಕಳು ಸಿಟ್ಟಿನಿಂದಲ್ಲ, ಆಧಾರದಿಂದ ಉತ್ತರಿಸುವಂತಾಗಲಿ.